ಘಟ್ಟ ಹತ್ತಿ ಬಂದ ಮೀನಿಗೆ ಗುರುತು ಯಾವುದು?

ಎರಡು ತಿಂಗಳ ನಿಷೇಧ ಮುಗಿದು ಕರಾವಳಿಯ ದೋಣಿಗಳು ಮತ್ತೆ ನೀರಿಗಿಳಿದಿವೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸಂತೆಗಳಿಗೆ ಮಂಜುಗಡ್ಡೆ ಪೆಟ್ಟಿಗೆಗಳು ಬರತೊಡಗಿವೆ. ಅಕ್ಕಪಕ್ಕ ಮಲಗಿದ ಎರಡು ಬೆಳ್ಳಿ ಮೀನುಗಳಲ್ಲಿ ಒಂದು ಅರಬ್ಬಿ ಸಮುದ್ರದ್ದು, ಇನ್ನೊಂದರ ಮೂಲ ಅಮೆಜಾನ್. ಬಣ್ಣ ನೋಡಿದರೆ ಮೋಸ ಹೋಗುತ್ತೀರಿ. ಬೆನ್ನು, ಹೊಟ್ಟೆ, ಕಿವಿರು ನೋಡಿ!

ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಸರಿದ ಕೂಡಲೇ ಹಾನಗಲ್ ಸಂತೆಯ ಆ ಮೂಲೆಯಲ್ಲಿ ತಣ್ಣನೆಯ ಹಬೆ ಏಳುತ್ತದೆ. ನೀಲಿ ತಾಡಪಾಲಿನ ಮೇಲೆ ಪುಡಿ ಮಂಜುಗಡ್ಡೆ, ಅದರ ಮೇಲೆ ಒಂದು ಕಡೆ ಬಂಗಡೆ, ಇನ್ನೊಂದು ಕಡೆ ತಾರ್ಲಿ, ನಡುವೆ ತಟ್ಟೆಯಂತೆ ಅಗಲವಾದ ಬೆಳ್ಳಿ ಬಣ್ಣದ ಮೀನುಗಳು. ಚೀಲ ಹಿಡಿದು ಬಂದ ಹೆಣ್ಣುಮಗಳು ಬಗ್ಗಿ ನೋಡುತ್ತಾಳೆ. ‘ಪಾಪ್ಲೆಟ್ ಏನ್ರೀ ಇದು?’ ಮಾರುವವನು ತಕ್ಕಡಿ ಒರೆಸುತ್ತಲೇ ಹೇಳುತ್ತಾನೆ: ‘ಪಾಪ್ಲೆಟ್ ಅಲ್ರೀ ಅಕ್ಕಾರ, ರೂಪ್‌ಚಂದ್. ನೋಡಾಕ ಅದರಂಗ ಐತಿ, ರೊಕ್ಕ ಮಾತ್ರ ಕಡಿಮಿ.’

ವ್ಯಾಪಾರಿ ಸತ್ಯವನ್ನೇ ಹೇಳಿದ್ದಾನೆ. ಅದೇ ಮೀನು ಸಂಜೆ ಹೆದ್ದಾರಿ ಬದಿಯ ಯಾವುದೋ ಊಟದ ಮನೆಯಲ್ಲಿ ಮಸಾಲೆ ಮೆತ್ತಿಸಿಕೊಂಡು ತವೆಯಿಂದ ಇಳಿಯುವ ಹೊತ್ತಿಗೆ ‘ಪಾಂಫ್ರೆಟ್ ಫ್ರೈ’ ಆಗಿದ್ದರೆ ಆಶ್ಚರ್ಯವಿಲ್ಲ. ಹೆಸರು ಬದಲಾಗಲು ಯಾರೂ ಸುಳ್ಳು ಹೇಳಬೇಕೆಂದಿಲ್ಲ; ಕೇಳುವವರು ಕೇಳದಿದ್ದರೆ ಸಾಕು.

ಸಮುದ್ರದಿಂದ ದೂರವಿರುವ ಈ ನಾಲ್ಕು ತಾಲ್ಲೂಕುಗಳಿಗೆ ಕಡಲ ಮೀನು ಬರುವ ದಾರಿಗಳು ಹಳೆಯವು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿದರೆ ಹಾನಗಲ್. ಅಂಕೋಲೆಯಿಂದ ಅರಬೈಲ್ ಘಟ್ಟ, ಯಲ್ಲಾಪುರ, ಮುಂಡಗೋಡದ ಮೇಲೆ ಹಾಯ್ದರೆ ಶಿಗ್ಗಾಂವಿ, ಅಲ್ಲಿಂದ ಮುಂದೆ ಸವಣೂರು. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಏರಿ ಸಾಗರದ ಕಡೆಯಿಂದ ಬಂದರೆ ಹಿರೇಕೆರೂರು. ಬಂದರಿನ ಕಟ್ಟೆಯಲ್ಲಿ ಮೀನು ವಿಂಗಡಿಸುವ ಹೆಂಗಸಿಗೆ ಯಾವ ಮೀನು ಯಾವುದೆಂದು ಹೇಳಿಕೊಡಬೇಕಿಲ್ಲ, ಅವಳ ಬೆರಳಿಗೇ ಅದು ಗೊತ್ತು. ಆದರೆ ಲಿಲಾವು, ಲಾರಿ, ಸಗಟು, ಚಿಲ್ಲರೆ ಎಂದು ಮೂರು ನಾಲ್ಕು ಕೈ ದಾಟುವಷ್ಟರಲ್ಲಿ ಮೀನು ಘಟ್ಟ ಹತ್ತುತ್ತದೆ, ಅದರ ಜತೆ ಬರಬೇಕಾದ ತಿಳಿವಳಿಕೆ ಕೆಳಗೇ ಉಳಿಯುತ್ತದೆ. ಈ ಲೇಖನದ ವಾದ ಇಷ್ಟೇ: ಆ ತಿಳಿವಳಿಕೆಯನ್ನು ಕೊಳ್ಳುವವರು ತಾವೇ ಗಳಿಸಿಕೊಳ್ಳಬಹುದು, ಅದಕ್ಕೆ ನೂರು ಮೀನುಗಳ ಚಿತ್ರಪಟ ಬಾಯಿಪಾಠವಾಗಬೇಕಿಲ್ಲ. ಕಣ್ಣಿಗೆ ಮೊದಲು ಬೀಳುವ ಬಣ್ಣ ಮತ್ತು ಆಕಾರವನ್ನು ಬದಿಗಿಟ್ಟು, ಮೊದಲ ನೋಟಕ್ಕೆ ಬೀಳದ ನಾಲ್ಕೈದು ಅಂಗಗಳನ್ನು ನೋಡುವ ಅಭ್ಯಾಸವಾದರೆ ಸಾಕು.

ಬಣ್ಣ, ಆಕಾರ ಏಕೆ ಬೇಡ? ಏಕೆಂದರೆ ಅವು ಮೀನು ಯಾರ ಮನೆಯದೆಂದು ಹೇಳುವುದಿಲ್ಲ, ಅದು ಹೇಗೆ ಬದುಕುತ್ತದೆಂದು ಹೇಳುತ್ತವೆ. ತೆರೆದ ಕಡಲಿನಲ್ಲಿ ಅಡಗಲು ಪೊದೆ ಇಲ್ಲ, ಬಂಡೆ ಇಲ್ಲ. ಮೇಲಿನಿಂದ ನೋಡುವ ಹಕ್ಕಿಗೆ ಕಾಣದಂತೆ ಬೆನ್ನು ಕಪ್ಪು ನೀಲಿ, ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಕಾಣದಂತೆ ಹೊಟ್ಟೆ ಬೆಳ್ಳಿ, ನೀರನ್ನು ಸೀಳಲು ಎರಡೂ ತುದಿ ಚೂಪಾದ ಮೈ. ಈ ಒಂದೇ ಉಪಾಯವನ್ನು ಒಂದಕ್ಕೊಂದು ನೆಂಟಸ್ತನವಿಲ್ಲದ ಎಷ್ಟೋ ಮೀನುಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ. ಹಾಗಾಗಿ ತಾರ್ಲಿ ಮತ್ತು ಬಂಗಡೆ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ ಬಂಗಡೆಯ ನಿಜವಾದ ಬಂಧುಗಳು ಸುರ್ಮಾಯಿ ಮತ್ತು ಟ್ಯೂನಾ. ಇನ್ನು ಬಣ್ಣವಂತೂ ಮಂಜುಗಡ್ಡೆಯ ಮೇಲೆ ಹೊತ್ತು ಕಳೆದಂತೆ ಮಾಸುತ್ತದೆ. ಬಂಗಡೆಯ ಬೆನ್ನಿನ ಹಸಿರು ಮಿಂಚು ಕಾರವಾರದಲ್ಲಿ ಇದ್ದಂತೆ ಹಿರೇಕೆರೂರಿನಲ್ಲಿ ಇರುವುದಿಲ್ಲ.

ಮಾಸದೆ ಉಳಿಯುವುದು ಮೈಯ ಕಟ್ಟು. ಬಂಗಡೆಯ ಬೆನ್ನ ಮೇಲೆ ಎರಡು ಈಜುರೆಕ್ಕೆಗಳು ಒಂದಕ್ಕೊಂದು ದೂರವಾಗಿ ನಿಂತಿರುತ್ತವೆ. ಎರಡನೆಯದರ ಹಿಂದೆ ಬಾಲದವರೆಗೆ ಐದು ಪುಟ್ಟ ಕಿರುರೆಕ್ಕೆಗಳ ಸಾಲು, ಹೊಟ್ಟೆಯ ಕಡೆಯೂ ಅಂಥದೇ ಇನ್ನೊಂದು ಸಾಲು. ಕಿರುರೆಕ್ಕೆ ಕಂಡಿತೋ, ಅದು ಬಂಗಡೆ, ಸುರ್ಮಾಯಿ, ಟ್ಯೂನಾಗಳ ಮನೆತನದ್ದೆಂದು ಸಂತೆಯ ಮಟ್ಟಿಗೆ ಬಹುಪಾಲು ಹೇಳಬಹುದು. ತಾರ್ಲಿಗೆ ಬೆನ್ನ ನಡುವೆ ಒಂದೇ ರೆಕ್ಕೆ, ಕಿರುರೆಕ್ಕೆ ಇಲ್ಲವೇ ಇಲ್ಲ. ಅದರ ಗುರುತು ಹೊಟ್ಟೆಯ ಅಂಚಿನಲ್ಲಿದೆ. ಬಾಲದ ಕಡೆಯಿಂದ ತಲೆಯ ಕಡೆಗೆ ಬೆರಳು ಎಳೆದರೆ ಗರಗಸದ ಹಲ್ಲಿನಂತೆ ತರಿತರಿಯಾಗಿ ತಾಗುತ್ತದೆ. ಗಡಸು ಹುರುಪೆಗಳ ಸಾಲು ಅದು. ಬಂಗಡೆಯ ಹೊಟ್ಟೆ ನುಣುಪು. ಕಣ್ಣು ಮುಚ್ಚಿಯೂ ಹೇಳಬಹುದಾದ ವ್ಯತ್ಯಾಸ ಇದು.

ಹೆಚ್ಚು ಕಷ್ಟ ತಾರ್ಲಿಯನ್ನು ಅದರ ಹತ್ತಿರದ ನೆಂಟರಿಂದ ಬೇರ್ಪಡಿಸುವುದು. ಎಣ್ಣೆ ತುಂಬಿದ ನಿಜವಾದ ತಾರ್ಲಿ, ಮಂಗಳೂರಿನವರ ಬೂತಾಯಿ, ದುಂಡು ಮೈಯದು, ತಲೆ ಉದ್ದ, ಕಿವಿರು ಮುಚ್ಚಳದ ಹಿಂದೆ ಚಿನ್ನದ ಛಾಯೆ, ಮುಚ್ಚಳದ ಅಂಚಿನಲ್ಲಿ ಕಪ್ಪು ಚುಕ್ಕೆ. ‘ಪೇಡಿ’ ಮುಂತಾದ ಸಣ್ಣ ತಾರ್ಲಿಗಳ ಮೈ ಪಕ್ಕದಿಂದ ಒತ್ತಿದಂತೆ ಚಪ್ಪಟೆ, ಕಪ್ಪು ಚುಕ್ಕೆ ಇರುವುದು ಬೆನ್ನ ರೆಕ್ಕೆಯ ಬುಡದಲ್ಲಿ. ಕಿವಿರು ಎತ್ತಿ ನೋಡುವ ತಾಳ್ಮೆ ಇದ್ದರೆ ಇನ್ನೂ ಒಂದು ಸೊಗಸು ಕಾಣುತ್ತದೆ: ಎಣ್ಣೆ ತಾರ್ಲಿಯ ಕಿವಿರಿನ ಒಳಬದಿಯ ಎಳೆಗಳು ಇನ್ನೂರರ ಹತ್ತಿರ ಹೋಗುವಷ್ಟು ದಟ್ಟ. ಮಳೆಗಾಲದ ಸಮುದ್ರದಲ್ಲಿ ಏಳುವ ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿ ತಿನ್ನುವ ಜರಡಿ ಅದು. ಅದರ ಎಣ್ಣೆಯೂ ರುಚಿಯೂ ಆ ಜರಡಿಯ ಫಲ.

ಚೌಕಟ್ಟು: ನಿಷೇಧದ ಲೆಕ್ಕ
ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ರಿಂದ ಜೂನ್ 14. ಹೀಗಾಗಿ ನಮ್ಮ ದೋಣಿಗಳು ದಡದಲ್ಲಿರುವಾಗ ಬಂಗಾಳ ಕೊಲ್ಲಿಯ ಮೀನು, ಶೀತಲ ಗೋದಾಮಿನ ಮೀನು, ಕೆರೆ ಸಾಕಣೆಯ ಮೀನು ಮಾರುಕಟ್ಟೆ ತುಂಬುತ್ತವೆ. ಹೋಲಿಕೆಯ ಗೊಂದಲ ಹೆಚ್ಚುವುದೂ ಆಗಲೇ. ಹೊಸ ಮೀನು ಬರುವ ಆಗಸ್ಟ್ ಹೊತ್ತಿಗೆ ಶ್ರಾವಣ ಶುರುವಾಗಿ ಒಳನಾಡಿನ ಎಷ್ಟೋ ಮನೆಗಳಲ್ಲಿ ಮೀನಿನ ಪಾತ್ರೆ ಅಟ್ಟ ಸೇರಿರುತ್ತದೆ ಎಂಬುದು ಬೇರೆ ತಮಾಷೆ.

ಈಗ ಪಾಪ್ಲೆಟ್ ವಿಷಯ. ಇದು ಹೋಲಿಕೆ ಎಷ್ಟು ದೂರ ಹೋಗಿ ಮೋಸ ಮಾಡಬಲ್ಲದೆಂಬುದಕ್ಕೆ ಒಳ್ಳೆಯ ಸಾಕ್ಷಿ. ಸಂತೆಯಲ್ಲಿ ಪಾಪ್ಲೆಟ್ ಎನ್ನಿಸಿಕೊಳ್ಳುವ ಮೀನು ಕನಿಷ್ಠ ಮೂರು ಬಗೆ. ಮೊದಲನೆಯದು ಬಿಳಿ ಪಾಪ್ಲೆಟ್, ಕರಾವಳಿಯ ಮಾಂಜಿ. ಎರಡನೆಯದು ಕಪ್ಪು ಪಾಪ್ಲೆಟ್, ಕಾರವಾರದ ಕಡೆಯ ಹಲ್ವಾ. ಆಕಾರ ಅದೇ ಆದರೂ ಕುಲದಲ್ಲಿ ಅದು ಪಾಪ್ಲೆಟ್ಟೇ ಅಲ್ಲ, ಕೊಕ್ಕರ್ ಮೀನುಗಳ ಬಳಗದ್ದು. ಬಾಲದ ಬುಡವನ್ನು ಬೆರಳಲ್ಲಿ ಹಿಡಿದರೆ ಎರಡೂ ಬದಿ ಗಡಸು ಹುರುಪೆಗಳ ಏಣು ತಾಗುತ್ತದೆ, ಬಿಳಿಯದರಲ್ಲಿ ಅದು ಇಲ್ಲ. ಮೂರನೆಯದೇ ರೂಪ್‌ಚಂದ್. ಇದಕ್ಕೂ ಸಮುದ್ರಕ್ಕೂ ಸಂಬಂಧವೇ ಇಲ್ಲ. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ ನದಿಗಳ ಸಿಹಿನೀರಿನ ಮೀನು, ಕುಖ್ಯಾತ ಪಿರಾನ್ಹಾದ ಕುಟುಂಬದ್ದು. ಈ ಶತಮಾನದ ಆರಂಭದಲ್ಲಿ ಬಾಂಗ್ಲಾದೇಶದ ಮೂಲಕ ಭಾರತದ ಕೆರೆಗಳಿಗೆ ಬಂತು. ಬೇಗ ಬೆಳೆಯುತ್ತದೆ, ಹಣ್ಣು ಬೀಜ ತಿಂದು ಬದುಕಬಲ್ಲದು, ನೋಡಲು ಪಾಪ್ಲೆಟ್‌ನಂತಿದೆ. ಸಾಕುವವರಿಗೆ ಇನ್ನೇನು ಬೇಕು?

ರೂಪ್‌ಚಂದ್‌ನ ಹೊಟ್ಟೆ ಕೆಂಪು ಎನ್ನುವುದು ಸಾಮಾನ್ಯವಾಗಿ ಹೇಳುವ ಗುರುತು. ಅದೂ ಬಣ್ಣದ ಗುರುತೇ, ಅದಕ್ಕೇ ಅರ್ಧ ಮಾತ್ರ ನಂಬಬೇಕು. ಮೀನು ದೊಡ್ಡದಾದಂತೆ ಕೆಂಪು ಮಂಕಾಗುತ್ತದೆ. ಖಚಿತವಾದದ್ದು ಬೆನ್ನಿನ ಮೇಲಿದೆ. ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಎಲುಬಿಲ್ಲದ, ಮೆತ್ತನೆಯ ಪುಟ್ಟ ರೆಕ್ಕೆಯೊಂದು ಎದ್ದಿರುತ್ತದೆ. ಅದು ಯಾವ ಪಾಪ್ಲೆಟ್‌ಗೂ ಇಲ್ಲ. ತುಟಿ ಸರಿಸಿದರೆ ಕಾಳು ಅರೆಯುವಂಥ ದಪ್ಪ ಹಲ್ಲುಗಳು, ನೋಡಿದವರು ಮನುಷ್ಯರ ಹಲ್ಲೆಂದು ಬೆಚ್ಚುವಷ್ಟು ಹೋಲಿಕೆ. ಬಿಳಿ ಪಾಪ್ಲೆಟ್‌ನ ಬಾಯಿ ಚಿಕ್ಕದು, ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆ ಇಲ್ಲ. ಕಿವಿರಿನ ಬಾಯಿಯೂ ಅಗಲವಾಗಿ ತೆರೆಯುವುದಿಲ್ಲ, ಬ್ಲೇಡಿನಿಂದ ಕೊರೆದಂತೆ ಒಂದು ನೆಟ್ಟನೆಯ ಸೀಳು ಮಾತ್ರ. ಇಷ್ಟು ನೋಡಲು ಅರ್ಧ ನಿಮಿಷ ಬೇಡ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ರುಚಿಯಾಗಿದ್ದರೆ ಆಯಿತು, ಕುಲಗೋತ್ರ ಕಟ್ಟಿಕೊಂಡು ಏನಾಗಬೇಕು? ಸವಣೂರಿನ ದೊಡ್ಡಹುಣಸೆ ಮಠದ ಆಫ್ರಿಕಾ ಮೂಲದ ಬಾವೊಬಾಬ್ ಮರಗಳನ್ನು ಊರವರು ಹುಣಸೆ ಎಂದೇ ಕರೆಯುತ್ತ ಬಂದಿದ್ದಾರೆ, ಅದರಿಂದ ಯಾರ ಗಂಟೂ ಹೋಗಿಲ್ಲವಲ್ಲ ಎನ್ನಬಹುದು. ಮರವನ್ನು ಯಾರೂ ಕಿಲೋ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ಪಾಪ್ಲೆಟ್‌ನ ದರಕ್ಕೆ ರೂಪ್‌ಚಂದ್ ಕೊಂಡವರ ಗಂಟು ಹೋಗುತ್ತದೆ. ರೂಪ್‌ಚಂದ್ ಕೆಟ್ಟ ಮೀನೆಂದು ಇದರ ಅರ್ಥವಲ್ಲ. ರೂಪ್‌ಚಂದ್ ಎಂದೇ ಅದರ ಬೆಲೆಗೆ ಕೊಂಡರೆ ಅದು ಒಳ್ಳೆಯ ವ್ಯಾಪಾರ. ಆದರೆ ಹಣಕ್ಕಿಂತ ಗಟ್ಟಿಯಾದ ಕಾರಣವೊಂದಿದೆ, ಅದು ಆರೋಗ್ಯದ್ದು.

ಬಂಗಡೆ, ತಾರ್ಲಿ, ಟ್ಯೂನಾ, ಸುರ್ಮಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಸತ್ತ ಮೇಲೆ ತಂಪು ತಪ್ಪಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತದೆ. ಅಂಥ ಮೀನು ತಿಂದ ಕೆಲವೇ ನಿಮಿಷದಿಂದ ಒಂದೆರಡು ತಾಸಿನೊಳಗೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಎದೆ ಬಡಿತ ಏರುತ್ತದೆ, ಮೈಯಲ್ಲಿ ದದ್ದು ಏಳುತ್ತದೆ. ಎಷ್ಟೋ ಸಲ ಇದನ್ನು ‘ಮೀನು ಒಗ್ಗುವುದಿಲ್ಲ’ ಎಂದು ತಪ್ಪಾಗಿ ತಿಳಿಯುತ್ತಾರೆ. ಹಿಸ್ಟಮಿನ್ ಒಮ್ಮೆ ಹುಟ್ಟಿತೆಂದರೆ ಕುದಿಸಿದರೂ ಹೋಗದು, ಹುರಿದರೂ ಹೋಗದು, ಮತ್ತೆ ಮಂಜುಗಡ್ಡೆಯಲ್ಲಿಟ್ಟರೂ ಹೋಗದು. ಪಾಪ್ಲೆಟ್‌ನಲ್ಲಿ ಈ ಭಯ ಬಹಳ ಕಡಿಮೆ. ಅಂದರೆ ರಾತ್ರಿಯೆಲ್ಲ ಘಟ್ಟ ಹತ್ತಿ ಬಂದು ಬೆಳಗಿನಿಂದ ಬಿಸಿಲು ಕಾಯುವ ಪೆಟ್ಟಿಗೆಯಲ್ಲಿ ಯಾವ ಮೀನಿಗೆ ಮಂಜುಗಡ್ಡೆ ಕಡಿಮೆಯಾಗಿದೆಯೇ ಎಂದು ಹೆಚ್ಚು ಬಿಗಿಯಾಗಿ ನೋಡಬೇಕು ಎಂಬುದು, ಅದು ಯಾವ ಮೀನು ಎಂಬುದರ ಮೇಲೇ ನಿಂತಿದೆ. ಬೆನ್ನ ಮೇಲಿನ ಆ ಐದು ಕಿರುರೆಕ್ಕೆಗಳೂ ಹೊಟ್ಟೆಯ ಗರಗಸವೂ ಅಡುಗೆಮನೆಗೆ ಕೊಡುವ ಎಚ್ಚರಿಕೆ ಇದು.

ಇನ್ನೂ ದೊಡ್ಡ ಅಪಾಯದ ಉದಾಹರಣೆ ಹೊರಗಿನದು. 2007ರಲ್ಲಿ ಅಮೆರಿಕದ ಷಿಕಾಗೋದಲ್ಲಿ ‘ಮಾಂಕ್‌ಫಿಶ್’ ಎಂಬ ಚೀಟಿ ಹೊತ್ತು ಚೀನಾದಿಂದ ಬಂದ ಮೀನು ತಿಂದು ಇಬ್ಬರು ಅಸ್ವಸ್ಥರಾದರು. ಅದು ಪಫರ್ ಎಂಬ ಊದುಮೀನಾಗಿತ್ತು. ಅದರ ಟೆಟ್ರೊಡೊಟಾಕ್ಸಿನ್ ವಿಷ ಬೇಯಿಸಿದರೂ ಇಳಿಯುವುದಿಲ್ಲ. ನಮ್ಮ ಅರಬ್ಬಿ ಸಮುದ್ರದ ಬಲೆಗಳಿಗೂ ಊದುಮೀನು ಬೀಳುತ್ತದೆ. ತಲೆ ಇದ್ದು, ಚರ್ಮ ಇದ್ದು, ಇಡಿಯಾಗಿದ್ದರೆ ಅದನ್ನು ಯಾರೂ ಬೇರೆ ಮೀನೆಂದು ಭ್ರಮಿಸಲಾರರು. ತಲೆ ಚರ್ಮ ತೆಗೆದರೆ ಬಿಳಿ ಮಾಂಸ ಬಿಳಿ ಮಾಂಸವೇ.

ಚೌಕಟ್ಟು: ಬೊಂಡಾಸ್, ಕಪ್ಪೆ ಬೊಂಡಾಸ್
ಬೊಂಡಾಸ್‌ನ (ಸ್ಕ್ವಿಡ್) ರೆಕ್ಕೆ ಮೈಯ ತುದಿಯಲ್ಲಿ ತ್ರಿಕೋನದಂತೆ. ಒಳಗೆ ಪ್ಲಾಸ್ಟಿಕ್ಕಿನಂತೆ ಪಾರದರ್ಶಕ ಕಡ್ಡಿ. ಕಪ್ಪೆ ಬೊಂಡಾಸ್‌ನ (ಕಟ್ಲ್‌ಫಿಶ್) ಮೈ ಅಗಲ, ರೆಕ್ಕೆ ಮೈಯ ಅಂಚಿನುದ್ದಕ್ಕೂ ಜರಿಯಂತೆ ಸುತ್ತಿರುತ್ತದೆ; ಒಳಗೆ ಸುಣ್ಣದಂಥ ಬಿಳಿ ಹಲಗೆ. ಆಕ್ಟೋಪಸ್‌ಗೆ ಎಂಟೇ ತೋಳು, ಇವೆರಡಕ್ಕೂ ಎಂಟು ತೋಳಿನ ಜತೆ ಎರಡು ಉದ್ದ ಹಿಡಿಗೈ. ಗ್ರಂಧಿಗೆ ಅಂಗಡಿಯಲ್ಲಿ ‘ಸಮುದ್ರಫೇನ’ ಎಂದು ಮಾರುವ ಹಗುರ ಬಿಳಿ ತುಂಡು ಸಮುದ್ರದ ನೊರೆಯಲ್ಲ, ಈ ಕಪ್ಪೆ ಬೊಂಡಾಸ್‌ನ ಒಳಹಲಗೆ.

ಎರಡನೆಯ ಆಕ್ಷೇಪ: ಇದೆಲ್ಲ ಕಡಲ ಮಕ್ಕಳ ವಿದ್ಯೆ, ಬಯಲುಸೀಮೆಯವರಿಗೆ ದಕ್ಕುವುದಲ್ಲ. ಈ ಮಾತನ್ನು ಒಪ್ಪಲು ಸಾಧ್ಯವಿಲ್ಲ, ಏಕೆಂದರೆ ಇಲ್ಲಿನವರೇ ಇದಕ್ಕೆ ಉತ್ತರ. ವರದಾ, ಧರ್ಮಾ, ಕುಮುದ್ವತಿ ನದಿಗಳ ಮಗ್ಗುಲಿನ ಊರುಗಳಲ್ಲಿ, ಮಾಸೂರಿನ ಮದಗದ ಕೆರೆಯಂಥ ದೊಡ್ಡ ಕೆರೆಗಳ ಸುತ್ತ, ಕಾಟ್ಲಾ ಯಾವುದು, ರೋಹು ಯಾವುದು, ಮೃಗಾಲ್ ಯಾವುದು ಎಂದು ಶಾಲೆಯ ಹುಡುಗರೂ ಹೇಳುತ್ತಾರೆ. ಮೂರೂ ಗೆಂಡೆ ಜಾತಿಯವೇ, ಮೂರೂ ಬೆಳ್ಳಿಯ ಮೈಯವೇ. ಆದರೂ ಕಾಟ್ಲಾದ ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ ಅವರ ಕಣ್ಣಿಗೆ ಮೊದಲು ಬೀಳುತ್ತದೆ, ಬಣ್ಣವಲ್ಲ. ಅಂಗ ನೋಡಿ ಗುರುತು ಹಿಡಿಯುವ ಈ ಅಭ್ಯಾಸವನ್ನು ಸಿಹಿನೀರಿನಿಂದ ಉಪ್ಪುನೀರಿಗೆ ವಿಸ್ತರಿಸಬೇಕು, ಅಷ್ಟೆ. ಹಾನಗಲ್ ಸೀಮೆಯ ಭತ್ತದ ಗದ್ದೆಯ ಏಡಿಯನ್ನು ಹಿಡಿದು ಗೊತ್ತಿದ್ದವರಿಗೆ ಕಡಲ ಏಡಿಯ ಗುರುತು ಹೇಳುವುದು ಎಷ್ಟು ಹೊತ್ತಿನ ಮಾತು? ಗದ್ದೆ ಏಡಿಯ ಕೊನೆಯ ಕಾಲು ಚೂಪು, ಏಕೆಂದರೆ ಅದು ನಡೆಯುತ್ತದೆ. ಕಡಲಲ್ಲಿ ಈಜುವ ಏಡಿಯ ಕೊನೆಯ ಕಾಲಿನ ತುದಿ ಹುಟ್ಟಿನಂತೆ ಚಪ್ಪಟೆ. ಸಿಗಡಿಯಲ್ಲೂ ಅಂಥದೊಂದು ಸೂಕ್ಷ್ಮವಿದೆ: ಹೊಟ್ಟೆಯ ಪಕ್ಕದ ಚಿಪ್ಪುಗಳಲ್ಲಿ ಎರಡನೆಯದು ಮುಂದಿನದನ್ನೂ ಹಿಂದಿನದನ್ನೂ ಎರಡೂ ಕಡೆ ಹೊದ್ದಿದ್ದರೆ ಅದು ನದಿ ಕೆರೆಯ ಸಿಗಡಿ, ಚಿಪ್ಪುಗಳು ಹೆಂಚಿನ ಸಾಲಿನಂತೆ ಒಂದರ ಮೇಲೊಂದು ಹಿಂದಕ್ಕೆ ಇಳಿದಿದ್ದರೆ ಕಡಲ ಸಿಗಡಿಯ ಕುಲದ್ದು.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ವಿಜ್ಞಾನಿಗಳೇ ತಪ್ಪುವಾಗ ಸಂತೆಗೆ ಬಂದವರು ಹೇಗೆ ತಪ್ಪದಿದ್ದಾರು? ನಿಜ. ಭಾರತದ ಬಿಳಿ ಪಾಪ್ಲೆಟ್‌ಗೆ ಬಹುಕಾಲ ಪುಸ್ತಕಗಳಲ್ಲಿ ಪ್ಯಾಂಪಸ್ ಅರ್ಜೆಂಟಿಯಸ್ ಎಂದೇ ಹೆಸರಿತ್ತು. ಇತ್ತೀಚಿನ ವರ್ಷಗಳಲ್ಲಿ ಮೈಕಟ್ಟನ್ನೂ ವಂಶವಾಹಿಯನ್ನೂ ಮತ್ತೆ ಪರೀಕ್ಷಿಸಿ, ನಮ್ಮದು ಪ್ಯಾಂಪಸ್ ಕ್ಯಾಂಡಿಡಸ್ ಎಂಬ ಬೇರೆಯೇ ಜಾತಿ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಆದರೆ ಈ ತಪ್ಪು ನಡೆದದ್ದು ಒಂದೇ ಮನೆಯ ಇಬ್ಬರು ಅಕ್ಕತಂಗಿಯರ ನಡುವೆ. ಪಾಪ್ಲೆಟ್‌ಗೂ ರೂಪ್‌ಚಂದ್‌ಗೂ ನಡುವೆ ಯಾವ ವಿಜ್ಞಾನಿಯೂ ತಪ್ಪಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗದಲ್ಲಿ ಓದುವವರಿಗೆ ಬೇಕಾದ ಸೂಕ್ಷ್ಮ ಒಂದು, ಕೊಳ್ಳುವವರಿಗೆ ಬೇಕಾದ ಸೂಕ್ಷ್ಮ ಇನ್ನೊಂದು. ಮೊದಲನೆಯದು ಕಷ್ಟವಾದ್ದರಿಂದ ಎರಡನೆಯದನ್ನು ಕೈಬಿಡಬೇಕೆನ್ನುವುದು ಸೋಮಾರಿತನದ ವಾದ.

ಕಾನೂನಿನ ಮಾತೂ ಇಲ್ಲಿ ಸೇರುತ್ತದೆ. ಮೋರಿ, ಅಂದರೆ ಸಣ್ಣ ಶಾರ್ಕ್, ಕರಾವಳಿಯಲ್ಲಿ ತಿನ್ನುವ ಮೀನು, ಬಾಣಂತಿಗೆ ಒಳ್ಳೆಯದೆಂಬ ನಂಬಿಕೆಯೂ ಇದೆ. ಅದನ್ನು ಹೋಲುವ ಇನ್ನೊಂದು ಗುಂಪು ಗಿಟಾರ್ ಮೀನುಗಳದ್ದು: ಹಿಂಭಾಗ ಶಾರ್ಕ್‌ನಂತೆ, ಮುಂಭಾಗ ಚಪ್ಪಟೆ. ಇವು ತೊರಕೆಗಳ, ಅಂದರೆ ರೇ ಮೀನುಗಳ, ಬಂಧುಗಳು. ಗೊಂದಲವಾದರೆ ಮೀನನ್ನು ಮಗುಚಿ ಕಿವಿರಿನ ಸೀಳು ಹುಡುಕಬೇಕು. ಕತ್ತಿನ ಪಕ್ಕದಲ್ಲಿದ್ದರೆ ಶಾರ್ಕ್, ಹೊಟ್ಟೆಯ ಕಡೆ ಇದ್ದರೆ ತೊರಕೆಯ ಬಳಗ. ಗಿಟಾರ್ ಮೀನುಗಳ ಒಂದು ಜಾತಿ ಮತ್ತು ಗರಗಸ ಮೀನುಗಳು 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಗಿರುವ ರಕ್ಷಣೆ ಇವಕ್ಕೂ. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಗಿಟಾರ್ ಮೀನುಗಳ ಹತ್ತಿರದ 16 ಜಾತಿಗಳಲ್ಲಿ 15ನ್ನು ಅಳಿವಿನ ಅಂಚಿನ ಕಟ್ಟಕಡೆಯ ವರ್ಗಕ್ಕೆ ಸೇರಿಸಿತು. ಬೇಡಿಕೆ ಎಲ್ಲಿಂದ ಬರುತ್ತದೋ ಅಲ್ಲಿಯೂ ಗುರುತು ತಿಳಿದಿರಬೇಕು, ಬಲೆ ಎಳೆಯುವವನ ಮೇಲೆ ಮಾತ್ರ ಹೊಣೆ ಹೊರಿಸಿದರೆ ಆಗದು.

ಚೌಕಟ್ಟು: ಕೈಯಲ್ಲಿ ಹಿಡಿದಾಗ
ಕಿರುರೆಕ್ಕೆಗಳ ಸಾಲು ಇದ್ದರೆ ಹೆಚ್ಚಾಗಿ ಬಂಗಡೆ, ಸುರ್ಮಾಯಿ, ಟ್ಯೂನಾ ಬಳಗ. ಹೊಟ್ಟೆಯಂಚು ಗರಗಸದಂತಿದ್ದು ಬೆನ್ನಿಗೆ ಒಂದೇ ರೆಕ್ಕೆ ಇದ್ದರೆ ತಾರ್ಲಿ ಬಳಗ. ತಟ್ಟೆಯಾಕಾರದ ಮೀನಿನ ಬಾಲದ ಹತ್ತಿರ ಮೆತ್ತನೆಯ ಪುಟ್ಟ ರೆಕ್ಕೆ ಇದ್ದರೆ ರೂಪ್‌ಚಂದ್. ಬಾಲದ ಬುಡಕ್ಕೆ ಗಡಸು ಏಣಿದ್ದರೆ ಕಪ್ಪು ಪಾಪ್ಲೆಟ್. ಬಾಲ ನೆಟ್ಟಗೆ ನಿಂತಿದ್ದರೆ ಮೀನು. ಅಡ್ಡ ಮಲಗಿದ್ದರೆ ಅದು ಡಾಲ್ಫಿನ್, ಕೊಳ್ಳುವುದಿರಲಿ, ಹಿಡಿಯುವುದೂ ಅಪರಾಧ.

ಉಳಿದಿರುವುದು ಒಂದೇ ಆಕ್ಷೇಪ, ಅದಕ್ಕೆ ಪೂರ್ತಿ ಉತ್ತರವಿಲ್ಲ. ತುಂಡು ಮಾಡಿದ ಮೀನಿನಲ್ಲಿ ಏನು ನೋಡುವುದು? ಇಡೀ ಮೀನನ್ನು ಆರಿಸಿ ಕಣ್ಣೆದುರೇ ಕೊಯ್ಯಿಸಿಕೊಳ್ಳುವುದು ಹಸಿ ಮೀನಿಗೆ ಒಪ್ಪುವ ದಾರಿ. ಸುರ್ಮಾಯಿಯ ಹೆಸರಲ್ಲಿ ಬೇರೆ ದೊಡ್ಡ ಮೀನಿನ ಹೋಳು ಬರುವುದನ್ನು ತಪ್ಪಿಸಲು ಇದಕ್ಕಿಂತ ಸುಲಭದ್ದಿಲ್ಲ. ದೊಡ್ಡ ಮೀನನ್ನು ಇಡಿಯಾಗಿ ಕೊಳ್ಳಲಾಗದ ಮನೆಯವರು ಅಕ್ಕಪಕ್ಕದವರ ಜತೆ ಪಾಲು ಹಾಕಿಕೊಂಡಾರು, ಇಲ್ಲವೇ ತಲೆ ಬಾಲ ಇನ್ನೂ ಪೆಟ್ಟಿಗೆಯಲ್ಲಿದೆಯೇ ಎಂದು ಕೇಳಿಯಾರು. ಮಳೆಗಾಲದಲ್ಲಿ ಬರುವ ಒಣಮೀನಿಗೆ ಅದೂ ಇಲ್ಲ. ಉಪ್ಪು ಹಾಕಿ ಒಣಗಿಸಿದ ಮೋರಿಯ ತುಂಡಿನಲ್ಲಿ ರೆಕ್ಕೆ ಇರುವುದಿಲ್ಲ, ಕಿವಿರು ಇರುವುದಿಲ್ಲ, ಚರ್ಮವೂ ಅನುಮಾನ. ಅದು ಶಾರ್ಕೋ, ತೊರಕೆಯೋ, ರಕ್ಷಿತ ಗಿಟಾರ್ ಮೀನೋ ಎಂದು ಹೇಳಬಲ್ಲದ್ದು ಡಿಎನ್‌ಎ ಪರೀಕ್ಷೆ ಮಾತ್ರ. ಕೆನಡಾದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ ಡಿಎನ್‌ಎ ಬಾರ್‌ಕೋಡ್ ವಿಧಾನಕ್ಕೆ ಒಂದು ಚೂರು ಮಾಂಸ ಸಾಕು, ಆದರೆ ಪ್ರಯೋಗಾಲಯ ಬೇಕು, ದಿನಗಳು ಬೇಕು. ಸಂತೆ ಸಂಜೆಗೇ ಮುಗಿಯುತ್ತದೆ. ಹಾಗಾಗಿ ಒಣಮೀನಿನ ತುಂಡಿನ ಗುರುತು ಉಳಿಯಬೇಕಾದರೆ ಅದು ಒಣಗಿಸುವ ಕಣದಲ್ಲೇ, ಮೀನು ಇಡಿಯಾಗಿರುವಾಗಲೇ, ಚೀಲಕ್ಕೊಂದು ಚೀಟಿಯಾಗಿ ಸೇರಬೇಕು.